ಎಚ್‌ಐವಿ ತಡೆ: ಪುರಾವೆ ಹೇಳುವ ಮಾತು, ಊರು ಕಾಯಬೇಕಾದ ಗುಟ್ಟು

ಪ್ರತಿ ವರ್ಷ ಡಿಸೆಂಬರ್ 1ರಂದು ವಿಶ್ವ ಏಡ್ಸ್ ದಿನ ಬರುತ್ತದೆ. ಶಾಲಾ ಮಕ್ಕಳ ಜಾಥಾ ನಡೆಯುತ್ತದೆ, ಭಾಷಣಗಳಾಗುತ್ತವೆ, ಮರುದಿನ ಊರು ಆ ಮಾತನ್ನು ಮರೆಯುತ್ತದೆ. ವರ್ಷದ ಉಳಿದ ದಿನಗಳಲ್ಲಿ ಈ ಸೋಂಕನ್ನು ತಡೆಯುವ ಕಾಯಕ ನಡೆಸುವವರು ಆಶಾ ಕಾರ್ಯಕರ್ತೆಯರು, ಆರೋಗ್ಯ ಸಹಾಯಕಿಯರು ಮತ್ತು ಸಮುದಾಯದೊಳಗಿನಿಂದಲೇ ಬಂದ ಕ್ಷೇತ್ರ ಕಾರ್ಯಕರ್ತರು. ಅವರ ಕೆಲಸದಲ್ಲಿ ಯಾವುದು ನಿಜವಾಗಿ ಫಲ ಕೊಟ್ಟಿದೆ, ಆ ಫಲ ಉಳಿಯಬೇಕಾದರೆ ಭಕ್ತ ಸಮುದಾಯದ ಹೊಣೆ ಏನು ಎಂಬುದನ್ನು ಇಲ್ಲಿ ವಿಚಾರಿಸಬಯಸುತ್ತೇವೆ.

ಈ ವಿಚಾರ ಈಗ ಏಕೆ ಎಂದು ಕೇಳಬಹುದು. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದಾಗ ಆಫ್ರಿಕಾದ ಹಲವು ದೇಶಗಳಲ್ಲಿ ಎಚ್‌ಐವಿ ಸೇವೆಗಳು ಅಸ್ತವ್ಯಸ್ತವಾದವು. ನಮ್ಮ ದೇಶದ ಕಾರ್ಯಕ್ರಮ ಬಹುಪಾಲು ಸ್ವಂತ ಹಣದಿಂದ ನಡೆಯುವುದರಿಂದ ಅಂಥ ಆಘಾತ ನಮಗೆ ತಟ್ಟಲಿಲ್ಲ. ಆದರೆ ನಮ್ಮಲ್ಲಿ ಇನ್ನೊಂದು ಅಪಾಯವಿದೆ. ಸೋಂಕು ಇಳಿಮುಖವಾದಂತೆ ಸಮಾಜದ ಗಮನವೂ ಇಳಿಯುತ್ತಿದೆ. ಭಾರತದಲ್ಲಿ ಸುಮಾರು 25 ಲಕ್ಷ ಸೋಂಕಿತರಿದ್ದಾರೆ. ವಯಸ್ಕರಲ್ಲಿ ಸೋಂಕಿನ ಪ್ರಮಾಣ ಶೇ. 0.2ರಷ್ಟಿದ್ದರೆ, ಕರ್ನಾಟಕದಲ್ಲಿ ಅದರ ಸುಮಾರು ಎರಡು ಪಟ್ಟಿದೆ. ಬೆಳಗಾವಿ, ಬಾಗಲಕೋಟೆಗಳಂಥ ಉತ್ತರದ ಜಿಲ್ಲೆಗಳು ಈ ಭಾರವನ್ನು ಹೆಚ್ಚಾಗಿ ಹೊತ್ತಿವೆ. ದುಡಿಮೆಗಾಗಿ ಗುಳೆ ಹೋಗುವ ಅನಿವಾರ್ಯತೆ, 1982ರ ಕಾಯ್ದೆ ನಿಷೇಧಿಸಿದರೂ ಬೇಗ ಅಳಿಯದ ದೇವದಾಸಿ ಪದ್ಧತಿ ಇದಕ್ಕೆ ಕಾರಣಗಳಲ್ಲಿ ಸೇರಿವೆ. ಇವು ನಮ್ಮ ಭಕ್ತರ ಊರುಗಳೇ ಆಗಿರುವುದರಿಂದ ಇದು ದೂರದ ಮಾತಲ್ಲ.

ಮೊದಲ ವರ್ಷಗಳಲ್ಲಿ ತಲೆಬುರುಡೆಯ ಚಿತ್ರ ಬರೆದು ಭಯ ಹುಟ್ಟಿಸುವ ಪ್ರಚಾರ ನಡೆಯಿತು. ಭಯದಿಂದ ಜನ ಸೋಂಕಿತರಿಂದ ದೂರ ಸರಿದರು. ಸೋಂಕಿತರು ಪರೀಕ್ಷೆಯಿಂದ ದೂರ ಸರಿದರು. ಫಲ ಕೊಟ್ಟ ಮಾರ್ಗಗಳು ಬೇರೆಯೇ. ಅವುಗಳಲ್ಲಿ ಮೂರನ್ನು ಇಲ್ಲಿ ಹೇಳಬಹುದು.

ಮೊದಲನೆಯದು, ಅಪಾಯದಲ್ಲಿರುವವರ ನಡುವಿನಿಂದಲೇ ಕಾರ್ಯಕರ್ತರನ್ನು ಆರಿಸಿ ತರಬೇತಿ ಕೊಡುವುದು. 1992ರಲ್ಲಿ ಕೋಲ್ಕತ್ತದ ಸೋನಾಗಾಚಿಯಲ್ಲಿ ಡಾ. ಸ್ಮರಜಿತ್ ಜಾನಾ ಅವರು ಲೈಂಗಿಕ ಕಾರ್ಯಕರ್ತೆಯರನ್ನೇ ಆರೋಗ್ಯ ಶಿಕ್ಷಕಿಯರನ್ನಾಗಿ ಮಾಡಿ ಈ ದಾರಿ ತೋರಿದರು. 2003ರಲ್ಲಿ ಆರಂಭವಾದ ಆವಾಹನ್ ಯೋಜನೆ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಇದನ್ನು ವಿಸ್ತರಿಸಿತು. ಮೈಸೂರಿನಲ್ಲಿ ಅಶೋದಯ ಸಮಿತಿಯಂಥ ಸಂಘಟನೆ ಬೆಳೆಯಿತು. ಆ ಯೋಜನೆಯ ಮೊದಲ ಐದು ವರ್ಷಗಳಲ್ಲಿ ಸುಮಾರು 1 ಲಕ್ಷ ಹೊಸ ಸೋಂಕು ತಪ್ಪಿದವೆಂದು 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು.

ಎರಡನೆಯದು, ಚಿಕಿತ್ಸೆಯೇ ತಡೆ ಎಂಬ ಅರಿವು. ಭಾರತವೂ ಸೇರಿದಂತೆ ಒಂಬತ್ತು ದೇಶಗಳಲ್ಲಿ, ಒಬ್ಬರಿಗೆ ಮಾತ್ರ ಸೋಂಕಿದ್ದ 1,763 ಜೋಡಿಗಳನ್ನು ಒಳಗೊಂಡ ಅಧ್ಯಯನವು, ಬೇಗ ಚಿಕಿತ್ಸೆ ಆರಂಭಿಸಿದರೆ ಸಂಗಾತಿಗೆ ಸೋಂಕು ಹರಡುವುದು ಶೇ. 96ರಷ್ಟು ತಗ್ಗುತ್ತದೆಂದು 2011ರಲ್ಲಿ ತೋರಿಸಿತು. ನಿತ್ಯ ಮಾತ್ರೆ ಸೇವಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡದು. ನಮ್ಮ ದೇಶದಲ್ಲಿ ಈ ಔಷಧ 2004ರಿಂದ ಎಆರ್‌ಟಿ ಕೇಂದ್ರಗಳಲ್ಲಿ ಉಚಿತ. ಸೋಂಕು ದೃಢಪಟ್ಟ ಎಲ್ಲರಿಗೂ ತಡಮಾಡದೆ ಚಿಕಿತ್ಸೆ ಕೊಡುವ ನೀತಿ 2017ರಲ್ಲಿ ಬಂತು.

ಮೂರನೆಯದು, ತಾಯಿಯಿಂದ ಮಗುವಿಗೆ ಹರಡುವುದನ್ನು ತಡೆಯುವುದು. ಏನೂ ಮಾಡದಿದ್ದರೆ ನೂರರಲ್ಲಿ 15ರಿಂದ 45 ಶಿಶುಗಳಿಗೆ ಸೋಂಕು ತಗಲಬಹುದು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಅದು ಐದಕ್ಕಿಂತ ಕೆಳಗೆ ಇಳಿಯುತ್ತದೆ. ಗರ್ಭಿಣಿಯನ್ನು ಮೊದಲ ತಿಂಗಳುಗಳಲ್ಲೇ ತಪಾಸಣೆಗೆ ಕರೆದೊಯ್ಯುವ ಆಶಾ ಕಾರ್ಯಕರ್ತೆಯ ನಡಿಗೆ ಒಂದು ಜೀವವನ್ನು ಕಾಯುತ್ತದೆ.

ಈ ಮೂರೂ ನಿಂತಿರುವುದು ಒಂದೇ ಬುನಾದಿಯ ಮೇಲೆ: ವ್ಯಕ್ತಿ ಅಂಜದೆ ಮುಂದೆ ಬರಬೇಕು. ಆರು ತಿಂಗಳಿಗೊಮ್ಮೆ ಕೊಡುವ ಲೆನಾಕಪವಿರ್ ಎಂಬ ತಡೆ ಚುಚ್ಚುಮದ್ದನ್ನು ವಿಶ್ವ ಆರೋಗ್ಯ ಸಂಸ್ಥೆ 2025ರ ಜುಲೈನಲ್ಲಿ ಶಿಫಾರಸು ಮಾಡಿದೆ. ಆದರೆ ಎಂಥ ಮದ್ದು ಬಂದರೂ ಅದನ್ನು ಕೇಳಲು ನಾಚುವವರಿಗೆ ಅದು ಇಲ್ಲದಂತೆಯೇ. ಆಶಾ ಕಾರ್ಯಕರ್ತೆ ಅದೇ ಊರಿನ ಸೊಸೆ. ಅವಳು ಯಾರ ಮನೆಗೆ ಎರಡು ಸಲ ಹೋದಳು, ಯಾರೊಡನೆ ತಾಲ್ಲೂಕು ಆಸ್ಪತ್ರೆಗೆ ಬಸ್ಸು ಹತ್ತಿದಳು ಎಂಬುದನ್ನು ಊರು ಗಮನಿಸುತ್ತದೆ. ‘ಯಾರಿಗಂತ?’ ಎಂದು ಕಟ್ಟೆಯ ಮೇಲೆ ಕೇಳುವ ಒಂದು ಪ್ರಶ್ನೆ ಹತ್ತು ತರಬೇತಿಗಳ ಶ್ರಮವನ್ನು ಕೆಡಿಸಬಲ್ಲದು. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಒಪ್ಪಿಗೆಯಿಲ್ಲದ ಪರೀಕ್ಷೆಯನ್ನೂ ಗುಟ್ಟು ಬಯಲು ಮಾಡುವುದನ್ನೂ ಶಾಲೆ, ಉದ್ಯೋಗಗಳಲ್ಲಿ ಭೇದಭಾವ ಮಾಡುವುದನ್ನೂ ನಿಷೇಧಿಸಿದೆ. ಆದರೆ ಕಟ್ಟೆಯ ಮಾತನ್ನು ತಡೆಯಲು ಕಾಯ್ದೆಗೆ ಆಗದು. ಊರಿನ ಹಿರಿಯರಿಗೆ ಮಾತ್ರ ಆದೀತು.

ಕಾಂಡೋಮ್ ಕುರಿತು ಬಹಿರಂಗವಾಗಿ ಮಾತಾಡಿದರೆ ದುರ್ನಡತೆಗೆ ಕುಮ್ಮಕ್ಕಾಗುತ್ತದೆ ಎಂದು ಕೆಲವು ಹಿರಿಯರು ಆಕ್ಷೇಪಿಸುತ್ತಾರೆ. ಅವರ ಕಳಕಳಿಯನ್ನು ನಾವು ಗೌರವಿಸುತ್ತೇವೆ. ಶೀಲದ ಬೋಧೆ ಮಠಗಳ ಕರ್ತವ್ಯ, ಅದು ನಿಲ್ಲಬಾರದು. ಆದರೆ ಸೋಂಕಿತ ಮಹಿಳೆಯರಲ್ಲಿ ಅನೇಕರು ಗಂಡನಿಂದಲೇ ಸೋಂಕು ಪಡೆದ ಗೃಹಿಣಿಯರು. ಅವರ ಶೀಲದಲ್ಲಿ ಯಾವ ಕೊರತೆಯೂ ಇರಲಿಲ್ಲ, ಕೊರತೆಯಿದ್ದದ್ದು ಮಾಹಿತಿಯಲ್ಲಿ. ಬೋಧೆಯೂ ರಕ್ಷಣೆಯೂ ಒಂದಕ್ಕೊಂದು ವಿರೋಧಿಯಲ್ಲ. ಇನ್ನು, ಸೂಳೆ ಸಂಕವ್ವೆಯನ್ನು ವಚನಕಾರ್ತಿಯರ ಸಾಲಿನಲ್ಲಿ ಗೌರವದಿಂದ ನೆನೆಯುವ ಪರಂಪರೆಗೆ, ಯಾವುದೇ ಹೆಣ್ಣುಮಗಳನ್ನು ಅವಳ ವೃತ್ತಿಯ ಕಾರಣಕ್ಕೆ ಹೊರಗಿಡುವ ಹಕ್ಕಿಲ್ಲ.

ಹಾಗಾದರೆ ನಾವು ಮಾಡಬೇಕಾದದ್ದೇನು? ಆಶಾ ಕಾರ್ಯಕರ್ತೆಯನ್ನು ಯಾರ ಹೆಸರನ್ನೂ ಕೇಳದಿರೋಣ, ಕೇಳುವವರನ್ನು ತಡೆಯೋಣ. ಸೋಂಕಿತರ ಮಕ್ಕಳನ್ನು ಶಾಲೆಯಿಂದಾಗಲಿ ಪ್ರಸಾದ ನಿಲಯದಿಂದಾಗಲಿ ದೂರವಿಡದಿರೋಣ. ಒಂದೇ ಪಂಕ್ತಿಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ನೀರು ಕುಡಿದರೆ, ಕೈ ಹಿಡಿದರೆ, ಸೊಳ್ಳೆ ಕಚ್ಚಿದರೆ ಈ ಸೋಂಕು ಹರಡದು. ಮನೆಯ ಸೊಸೆ ಗರ್ಭಿಣಿಯಾದಾಗ ಅವಳೊಡನೆ ಮಗನೂ ಪರೀಕ್ಷೆ ಮಾಡಿಸಿಕೊಳ್ಳುವಂತೆ ಮನೆಯ ಹಿರಿಯರೇ ತಿಳಿಹೇಳಲಿ. ಗುಳೆ ಹೋಗಿ ಬಂದವರಿಗೆ ಆಪ್ತ ಸಮಾಲೋಚನಾ ಕೇಂದ್ರದ ವಿಳಾಸವನ್ನೂ 1097 ಎಂಬ ಉಚಿತ ಸಹಾಯವಾಣಿಯನ್ನೂ ತಿಳಿಸೋಣ.

ಮಾತ್ರೆ ಕೊಡುವುದು ಸರ್ಕಾರದ ಕೆಲಸ, ಮನೆ ಬಾಗಿಲು ತಟ್ಟುವುದು ಕಾರ್ಯಕರ್ತೆಯ ಕಾಯಕ. ಆ ಬಾಗಿಲು ತೆರೆಯುವ ಧೈರ್ಯವನ್ನು ಕೊಡಬೇಕಾದವರು ನೆರೆಹೊರೆಯವರಾದ ನಾವು.