ತಕ್ಕಡಿಯಾಚೆಗೂ ಅಣಬೆಯನ್ನು ನೋಡಿ

2025ರ ಜನವರಿಯಲ್ಲಿ ಕೇರಳ ಹೈಕೋರ್ಟ್ ಒಬ್ಬ ಆರೋಪಿಗೆ ಜಾಮೀನು ಕೊಟ್ಟಿತು. ಅದನ್ನೇ ‘ಮ್ಯಾಜಿಕ್ ಅಣಬೆಗೆ ಕೋರ್ಟ್ ಪರವಾನಗಿ’ ಎಂದು ತಿರುಚಿ ಹಬ್ಬಿಸಿದವರು ಆದೇಶ ಓದುವ ಗೋಜಿಗೇ ಹೋಗಲಿಲ್ಲ. ದೆಹಲಿಯ ದ್ವಾರಕಾದ ನಮ್ಮ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಅದೇ ಬೊಬ್ಬೆ. ಆರೋಪಿಯ ಬಳಿ ಸಿಕ್ಕಿದ್ದು 226 ಗ್ರಾಂ ಅಣಬೆ, 50 ಗ್ರಾಂ ಕ್ಯಾಪ್ಸೂಲ್. ಎನ್‌ಡಿಪಿಎಸ್ ಮಾದಕವಸ್ತು ಕಾಯ್ದೆಯಡಿ ಈ ಅಣಬೆಯ ಮತ್ತಿನ ಅಂಶವಾದ ಸೈಲೊಸೈಬಿನ್‌ನ ವಾಣಿಜ್ಯ ಪ್ರಮಾಣ 50 ಗ್ರಾಂ. ನಿಸರ್ಗದಲ್ಲಿ ಬೆಳೆದ ಅಣಬೆಯನ್ನು ಇಡಿಯಾಗಿ ತೂಗಿ ‘ಮಿಶ್ರಣ’ ಎನ್ನಲಾಗದು ಎಂದಿತು ನ್ಯಾಯಾಲಯ. ಕರ್ನಾಟಕ ಹೈಕೋರ್ಟಿನ ಆದೇಶವೊಂದನ್ನೂ ಆಧರಿಸಿತು. ಒಣ ಅಣಬೆಯಲ್ಲಿ ಸೈಲೊಸೈಬಿನ್ ಇರುವುದು ಸಾಮಾನ್ಯವಾಗಿ ಶೇ 1ರ ಆಸುಪಾಸು. ಇದರಲ್ಲಿ ಬೆಚ್ಚಿಬೀಳುವಂಥದ್ದು ಏನಿದೆ?

ನನ್ನ ಸಿಟ್ಟು ಬೇರೆ. ನಮ್ಮ ಚರ್ಚೆ ತಕ್ಕಡಿಯಾಚೆಗೆ ಹೋಗುತ್ತಲೇ ಇಲ್ಲ. 25 ಮಿಲಿಗ್ರಾಂ ಸೈಲೊಸೈಬಿನ್, ಈ ಅಂಕಿ ನೆನಪಿಡಿ. ಮಾತ್ರೆಗಳಿಗೆ ಬಗ್ಗದ ಖಿನ್ನತೆ ಇದ್ದ 233 ಜನರ ಮೇಲೆ ನಡೆದ ಇದರ ಪ್ರಯೋಗದ ವರದಿ 2022ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಒಂದೇ ಸಲ 25 ಮಿಲಿಗ್ರಾಂ ಪಡೆದವರಲ್ಲಿ ಶೇ 37 ಮಂದಿಗೆ ಮೂರು ವಾರದಲ್ಲಿ ಸುಧಾರಣೆ ಕಂಡಿತ್ತು. 1 ಮಿಲಿಗ್ರಾಂ ಪಡೆದವರಲ್ಲಿ ಶೇ 18. ದೇಹದಲ್ಲಿ ಸೈಲೊಸೈಬಿನ್ ಎಂಬುದು ಸೈಲೊಸಿನ್ ಆಗಿ ಮಿದುಳಿನ ಸೆರೊಟೋನಿನ್ 2ಎ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ. 2023ರ ಜುಲೈನಿಂದ ಆಸ್ಟ್ರೇಲಿಯಾದಲ್ಲಿ ಅಧಿಕಾರ ಪಡೆದ ಮನೋವೈದ್ಯರು ಇದನ್ನು ಬರೆದುಕೊಡಬಹುದು. ಅವರೇನು ಗಾಂಜಾ ಮಾರುವವರೇ?

ಪಕ್ಕದ ಸೆಕ್ಟರ್‌ನಲ್ಲಿರುವ ಧಾರವಾಡದ ಗೆಳೆಯರ ಮನೆಯಲ್ಲಿ ಫ್ರಿಜ್ ಮೇಲೊಂದು ಸ್ಟೀಲ್ ಡಬ್ಬಿ. ಎಸಿಟಾಲೊಪ್ರಾಮ್, ವೆನ್ಲಾಫಾಕ್ಸಿನ್, ಮಿರ್ಟಾಜಪಿನ್, ಎಲ್ಲ ಅರ್ಧಕ್ಕೇ ನಿಂತ ಖಿನ್ನತೆಯ ಮಾತ್ರೆಗಳ ಶೀಟುಗಳು. ಅವರ ಹೆಂಡತಿ ಹಾಸಿಗೆ ಬಿಟ್ಟೇಳುವುದೇ ಕಷ್ಟ. ‘ಮುಂದೇನ್ರೀ?’ ಎಂದು ಅವರು ಕೇಳಿದರೆ ಬೊಬ್ಬೆ ಹೊಡೆಯುವ ಸಂಸ್ಕೃತಿ ರಕ್ಷಕರ ಬಳಿ ಉತ್ತರವಿದೆಯೇ?

ಕೊಡೈಕೆನಾಲ್‌ನಲ್ಲಿ ಪ್ರವಾಸಿ ಹುಡುಗರಿಗೆ ಅಣಬೆ ಮಾರುವವರನ್ನು ಹಿಡಿಯಿರಿ, ತಕರಾರಿಲ್ಲ. ಸ್ಕಿಜೋಫ್ರೇನಿಯಾ ಇರುವವರು ಇದರ ಹತ್ತಿರವೂ ಸುಳಿಯಬಾರದು. ಅದಕ್ಕೇ ಅಲ್ಲವೇ ವೈದ್ಯರು ಬೇಕಾಗಿರುವುದು? ಮನೆ ಮುರಿಯುವ ಮದ್ಯದಿಂದ 2025–26ರಲ್ಲಿ 40,000 ಕೋಟಿ ರೂಪಾಯಿ ಎತ್ತುವ ಗುರಿ ಇಟ್ಟುಕೊಂಡದ್ದು ನಮ್ಮದೇ ಕರ್ನಾಟಕ ಸರ್ಕಾರ. ಆಗ ಯಾರಿಗೂ ಮಕ್ಕಳ ಭವಿಷ್ಯ ನೆನಪಾಗಲಿಲ್ಲ. ಖಜಾನೆ ತುಂಬುವ ನಶೆಗೆ ಮರ್ಯಾದೆ, ರೋಗಿಗೆ ನೆರವಾಗಬಹುದಾದ ವಸ್ತುವಿಗೆ ಕೈಕೋಳ!

1985ರ ಇದೇ ಎನ್‌ಡಿಪಿಎಸ್ ಕಾಯ್ದೆಯ 8ನೇ ಸೆಕ್ಷನ್ ವೈದ್ಯಕೀಯ, ವೈಜ್ಞಾನಿಕ ಉದ್ದೇಶಕ್ಕೆ ಬಾಗಿಲು ತೆರೆದೇ ಇಟ್ಟಿದೆ. ಸರ್ಕಾರ ನಿಮ್ಹಾನ್ಸ್, ಏಮ್ಸ್‌ಗಳಿಗೆ ಅನುಮತಿ, ಹಣ ಎರಡನ್ನೂ ಕೊಟ್ಟು ನಮ್ಮ ರೋಗಿಗಳ ಮೇಲೇ ದೊಡ್ಡ ಪ್ರಯೋಗ ನಡೆಸಲಿ, ಫಲಿತಾಂಶ ಏನೇ ಬರಲಿ, ಅದನ್ನು ಪ್ರಕಟಿಸಲಿ.