ಅಗಲಿದ ಸದಸ್ಯರ ಖಾತೆ ಮುಚ್ಚುವ ಮುನ್ನ

ಪಾಲುದಾರಿಕೆ ಸಂಸ್ಥೆಯೊಂದರಲ್ಲಿ ಪಾಲುದಾರರೊಬ್ಬರು ನಿಧನರಾದರೆ ಅವರ ಖಾತೆಯನ್ನು ಇತ್ಯರ್ಥಗೊಳಿಸದೆ ಲೆಕ್ಕದ ಪುಸ್ತಕ ಮುಂದಕ್ಕೆ ಸಾಗುವುದಿಲ್ಲ. ಅವರು ತೊಡಗಿಸಿದ್ದ ಮೂಲಧನ, ಮರಣದ ದಿನದವರೆಗಿನ ಲಾಭದ ಪಾಲು, ಸಂಸ್ಥೆಯ ಗುಡ್‌ವಿಲ್‌ನಲ್ಲಿ ಅವರ ಅಂಶ, ಇವೆಲ್ಲವನ್ನೂ ಎಣಿಸಿ ವಾರಸುದಾರರಿಗೆ ಸಲ್ಲಿಸಬೇಕೆಂಬುದು ವಾಣಿಜ್ಯ ಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಆದರೆ ವ್ಯಾಪಾರಿ ಬಂಧುಗಳೇ ಸೇರಿ ಕಟ್ಟಿದ ಸೇವಾ ಸಂಸ್ಥೆಗಳಲ್ಲಿ ಸದಸ್ಯರೊಬ್ಬರು ಅಗಲಿದಾಗ ನಡೆಯುವುದೇನು? ಭಾವಚಿತ್ರಕ್ಕೆ ಹಾರ, ನಾಲ್ಕು ಮಂದಿಯ ನುಡಿನಮನ, ಒಂದು ನಿಮಿಷದ ಮೌನ, ಕುಟುಂಬಕ್ಕೆ ಸಂತಾಪ ನಿರ್ಣಯದ ಪ್ರತಿ. ಮುಂದಿನ ವರ್ಷದ ಸದಸ್ಯರ ಪಟ್ಟಿಯಲ್ಲಿ ಆ ಹೆಸರು ಇರುವುದಿಲ್ಲ. ಅಲ್ಲಿಗೆ ಖಾತೆ ಮುಚ್ಚಿತು. ಇತ್ಯರ್ಥ ಮಾತ್ರ ಆಗಲಿಲ್ಲ.

ಪುತ್ತೂರು, ಸುಳ್ಯ, ಕಡಬದಂತಹ ಊರುಗಳಲ್ಲಿ ಈ ವಿಷಯಕ್ಕೆ ಈಗ ವಿಶೇಷ ಮಹತ್ವವಿದೆ. 2013ರಲ್ಲಿ ಘೋಷಿತವಾದ ಹೊಸ ತಾಲೂಕುಗಳ ಪಟ್ಟಿಗೆ ಕಡಬ ಸೇರುವ ಮೊದಲು ಇಲ್ಲಿನ ಜನರು ಕಚೇರಿ ಕೆಲಸಕ್ಕೆ ದೂರದ ತಾಲೂಕು ಕೇಂದ್ರಕ್ಕೆ ಬಸ್ಸು ಹಿಡಿಯಬೇಕಿತ್ತು. ಅಂತಹ ದಿನಗಳಲ್ಲಿ ಸರಕಾರದ ಕೈ ತಲುಪದ ಎಡೆಗಳನ್ನು ರೋಟರಿ, ಲಯನ್ಸ್, ಜೇಸಿಯಂತಹ ಸಂಸ್ಥೆಗಳು ತಮ್ಮ ಶಕ್ತಿಯಿದ್ದಷ್ಟು ತುಂಬಿದವು. ನೇತ್ರ ತಪಾಸಣಾ ಶಿಬಿರ, ಶಾಲೆಗೆ ಬೆಂಚು, ಬಸ್ ತಂಗುದಾಣ, ಬಡ ವಿದ್ಯಾರ್ಥಿಗಳಿಗೆ ಪುಸ್ತಕ, ಹೀಗೆ. ಇವುಗಳ ಹಿಂದೆ ಇದ್ದವರು ಅಡಿಕೆ, ರಬ್ಬರು, ಕಾಳುಮೆಣಸಿನ ವ್ಯಾಪಾರಿಗಳು, ಜವಳಿ ಮತ್ತು ಜಿನಸಿನ ಅಂಗಡಿಯವರು, ವೈದ್ಯರು, ಅಧ್ಯಾಪಕರು, ಬ್ಯಾಂಕ್ ನೌಕರರು. ಆ ಪೀಳಿಗೆ ಈಗ ಒಬ್ಬೊಬ್ಬರಾಗಿ ನಮ್ಮಿಂದ ಮರೆಯಾಗುತ್ತಿದೆ. ಅವರೊಂದಿಗೆ ಯಾವ ಕೆಲಸವನ್ನು ಯಾರು, ಯಾವ ವರ್ಷ, ಯಾರ ನೆರವಿನಿಂದ ಮಾಡಿದರೆಂಬ ಮಾಹಿತಿಯೂ ಮರೆಯಾಗುತ್ತಿದೆ.

ಇದಕ್ಕೆ ಕಾರಣ ನಮ್ಮ ಕೃತಘ್ನತೆಯಲ್ಲ, ನಮ್ಮ ವ್ಯವಸ್ಥೆ. ರೋಟರಿ ಮತ್ತು ಲಯನ್ಸ್‌ಗಳಲ್ಲಿ ಆಡಳಿತ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಜೇಸಿಯಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ. ಅಧ್ಯಕ್ಷರೂ ಕಾರ್ಯದರ್ಶಿಗಳೂ ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಅಧಿಕಾರ ಒಬ್ಬರಲ್ಲೇ ನೆಲೆಯೂರದಿರಲಿ ಎಂಬ ಈ ಪದ್ಧತಿ ಸ್ತುತ್ಯರ್ಹವೇ. ಆದರೆ ಅಧಿಕಾರದ ಜೊತೆಗೆ ಕಡತಗಳೂ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಅಲೆಯುತ್ತವೆ. ಘಟ್ಟದ ತಪ್ಪಲಿನ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಕಾಗದವಿಲ್ಲ. ಉಳಿದುದು ಗೆದ್ದಲಿನ ಪಾಲು. ಹತ್ತು ಪದಗ್ರಹಣಗಳು ಕಳೆಯುವಷ್ಟರಲ್ಲಿ ಆರಂಭದ ಸದಸ್ಯರ ಪಟ್ಟಿಯನ್ನು ನೆನಪಿನಿಂದ ಬರೆಯಬೇಕಾದ ಸ್ಥಿತಿ ಬರುತ್ತದೆ.

ಬರೆದಿಟ್ಟ ದಾಖಲೆಯ ಬೆಲೆ ಏನೆಂಬುದಕ್ಕೆ ರೋಟರಿಯ ಚರಿತ್ರೆಯೇ ಸಾಕ್ಷಿ. 1905ರ ಫೆಬ್ರವರಿ 23ರಂದು ಷಿಕಾಗೋ ನಗರದ ಯೂನಿಟಿ ಕಟ್ಟಡದ 711ನೇ ಕೊಠಡಿಯಲ್ಲಿ ಸೇರಿದವರು ನಾಲ್ವರು. ವಕೀಲ ಪಾಲ್ ಹ್ಯಾರಿಸ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಷೀಲೆ, ಗಣಿ ಎಂಜಿನಿಯರ್ ಗಸ್ಟೇವಸ್ ಲೋಯರ್ ಮತ್ತು ದರ್ಜಿ ಹೈರಮ್ ಶೋರಿ. ಇವರಲ್ಲಿ ಕೊನೆಯ ಇಬ್ಬರು ಸಂಸ್ಥೆಯಲ್ಲಿ ಬಹುಕಾಲ ಉಳಿಯಲಿಲ್ಲ. ಆದರೂ ನೂರಿಪ್ಪತ್ತು ವರ್ಷಗಳ ನಂತರ ಆ ದರ್ಜಿಯ ಹೆಸರು ನಮಗೆ ತಿಳಿದಿದೆ. ಆತ ದೊಡ್ಡ ದಾನಿಯಾಗಿದ್ದನೆಂದಲ್ಲ. ಆ ದಿನ ಯಾರಿದ್ದರೆಂಬುದನ್ನು ದಾಖಲಿಸಿ ಕಾಪಾಡಿದ್ದರಿಂದ. ನಮ್ಮ ಊರಿನ ಸಂಸ್ಥೆಗಳ ಮೊದಲ ಸಭೆಗೆ ಬಂದಿದ್ದ ದರ್ಜಿಯ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಇನ್ನು ಸ್ಮರಣೆಯ ವಿಧಾನವನ್ನು ಕುರಿತು ಒಂದು ಮಾತು. ತೀರಿಹೋದವರನ್ನು ಮರೆಯದಿರುವುದು ನಮ್ಮ ಜಿಲ್ಲೆಗೆ ಹೊಸತಲ್ಲ. ಆಟಿ ತಿಂಗಳಲ್ಲಿ ಮನೆಯಿಂದ ಅಗಲಿದವರಿಗೆ ಬಡಿಸುವ ಪದ್ಧತಿ ತುಳುನಾಡಿನಲ್ಲಿ ಇಂದಿಗೂ ಇದೆ. ನವೆಂಬರ್ 2ರಂದು ಕ್ರೈಸ್ತ ಬಾಂಧವರು ಸಮಾಧಿಗಳ ಬಳಿ ಸೇರಿ ಪ್ರಾರ್ಥಿಸುತ್ತಾರೆ. ಮುಸ್ಲಿಂ ಬಾಂಧವರು ತಮ್ಮ ಹಿರಿಯರ ಹೆಸರಿನಲ್ಲಿ ದುಆ ಮಾಡುತ್ತಾರೆ. ಸೇವಾ ಸಂಸ್ಥೆಯಲ್ಲಿ ಈ ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತವರು. ಆದ್ದರಿಂದ ಯಾವುದೋ ಒಂದು ಮತದ ವಿಧಿ ಅಲ್ಲಿ ಸಲ್ಲದು. ಎಲ್ಲರಿಗೂ ಸಲ್ಲುವ ಮೌನವನ್ನು ಆರಿಸಿಕೊಂಡೆವು. ಮೊದಲ ಮಹಾಯುದ್ಧದಲ್ಲಿ ಮಡಿದವರಿಗಾಗಿ 1919ರ ನವೆಂಬರ್ 11ರಂದು ಬ್ರಿಟನ್ನಿನಲ್ಲಿ ಎರಡು ನಿಮಿಷಗಳ ಮೌನ ಆಚರಿಸಲಾಯಿತು. ಹುತಾತ್ಮರಿಗಾಗಿ ಜನವರಿ 30ರಂದು ನಮ್ಮ ದೇಶವೂ ಅದನ್ನು ಪಾಲಿಸುತ್ತದೆ. ಮೌನ ಯೋಗ್ಯವಾದ ಆರಂಭ. ಆದರೆ ಸೇವೆಯನ್ನೇ ಧರ್ಮವೆಂದುಕೊಂಡ ಸಂಸ್ಥೆಗೆ ಸೇವೆಯೇ ಉತ್ತರಕ್ರಿಯೆಯೂ ಆಗಬೇಕಲ್ಲವೇ?

ಪಾಲ್ ಹ್ಯಾರಿಸ್ ಇದನ್ನು ಚೆನ್ನಾಗಿ ಅರಿತಿದ್ದರು. 1917ರಲ್ಲಿ ಆರ್ಚ್ ಕ್ಲಂಫ್ ಎಂಬವರ ಸಲಹೆಯಂತೆ ರೋಟರಿಯ ದತ್ತಿನಿಧಿ ಹುಟ್ಟಿತು. ಅದಕ್ಕೆ ಬಂದ ಮೊದಲ ದೇಣಿಗೆ ಕೇವಲ 26 ಡಾಲರ್ 50 ಸೆಂಟ್. ನಂತರದ ಮೂರು ದಶಕಗಳಲ್ಲಿ ಅದು ಆಮೆಯ ನಡಿಗೆಯಲ್ಲಿ ಬೆಳೆಯಿತು. ತಮ್ಮ ನಿಧನಾನಂತರ ಹೂಗಳ ಬದಲಾಗಿ ಈ ನಿಧಿಗೆ ದೇಣಿಗೆ ನೀಡಬೇಕೆಂಬುದು ಹ್ಯಾರಿಸರ ಅಪೇಕ್ಷೆಯಾಗಿತ್ತು. 1947ರ ಜನವರಿ 27ರಂದು ಅವರು ತೀರಿಕೊಂಡಾಗ ಲೋಕದ ಎಲ್ಲೆಡೆಯ ಸದಸ್ಯರು ತಂತಮ್ಮ ಶಕ್ತಿಯಂತೆ ಕಳುಹಿಸಿದ ಹಣ ಹದಿನೆಂಟು ತಿಂಗಳಲ್ಲಿ ಸುಮಾರು 13 ಲಕ್ಷ ಡಾಲರುಗಳಾಯಿತು. ಅದೇ ವರ್ಷ ಹದಿನೆಂಟು ವಿದ್ಯಾರ್ಥಿಗಳಿಗೆ ವಿದೇಶ ವ್ಯಾಸಂಗದ ವಿದ್ಯಾರ್ಥಿವೇತನ ಆರಂಭವಾಯಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೊಟ್ಟವರು ಅಸಂಖ್ಯರು, ಆದರೆ ನಿಧಿ ಒಂದೇ. ಅದರ ಬಲವಿದ್ದುದು ಅಲ್ಲಿ.

ನಮ್ಮಲ್ಲಿ ಆಗುತ್ತಿರುವುದು ಇದಕ್ಕೆ ವ್ಯತಿರಿಕ್ತ. ಅಗಲಿದವರ ಹೆಸರಿನಲ್ಲಿ ಒಂದೊಂದು ಕುಟುಂಬ ಒಂದೊಂದು ಚಿಕ್ಕ ದತ್ತಿನಿಧಿ ಇಡುತ್ತದೆ. ಅದರ ಬಡ್ಡಿಯಿಂದ ಪ್ರತಿವರ್ಷ ಬಹುಮಾನ ಕೊಡಬೇಕೆಂಬ ಷರತ್ತು ಇರುತ್ತದೆ. ಮೂವತ್ತು ವರ್ಷಗಳ ಹಿಂದೆ, ನಿರಖು ಠೇವಣಿಗೆ ಶೇಕಡಾ 12ರ ಬಡ್ಡಿಯಿದ್ದ ಕಾಲದಲ್ಲಿ, ಇಟ್ಟ 10,000 ರೂಪಾಯಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಆಗ ವರ್ಷಕ್ಕೆ 1,200 ರೂಪಾಯಿ ಬರುತ್ತಿತ್ತು. ಶೇಕಡಾ 6.5ರ ದರದಲ್ಲಿ ಈಗ ಬರುವುದು 650. ಇತ್ತ ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿವೆ ಎಂದಿಟ್ಟುಕೊಂಡರೆ ಅಂದಿನ 1,200 ರೂಪಾಯಿಯ ಕೆಲಸಕ್ಕೆ ಇಂದು ಸುಮಾರು 6,900 ಬೇಕು. ಅಷ್ಟು ಬಡ್ಡಿ ಬರಬೇಕಾದರೆ ಮೂಲಧನ ಒಂದು ಲಕ್ಷ ಆರು ಸಾವಿರದಷ್ಟು ಇರಬೇಕು. ಅಢಾವೆ ಪತ್ರಿಕೆಯಲ್ಲಿ ಮಾತ್ರ ಆ ನಿಧಿ ಇಂದಿಗೂ 10,000 ರೂಪಾಯಿ ಎಂದೇ ಕುಳಿತಿದೆ. ಒಂದು ಕಾಲದಲ್ಲಿ ವಿದ್ಯಾರ್ಥಿಯ ವರ್ಷದ ಪುಸ್ತಕಗಳನ್ನು ಕೊಳ್ಳುತ್ತಿದ್ದ ಸ್ಮರಣೆ ಇಂದು ಒಂದು ಸ್ಟೀಲಿನ ಫಲಕಕ್ಕೂ ಸಾಲದು. ಯಾರೂ ಕದಿಯಲಿಲ್ಲ, ಯಾರೂ ದುರುಪಯೋಗ ಮಾಡಲಿಲ್ಲ. ಲೆಕ್ಕಪರಿಶೋಧಕರ ಸಹಿಯೂ ಸರಿಯಾಗಿಯೇ ಇದೆ. ಆದರೂ ಕೊಟ್ಟ ಮಾತು ಕರಗಿಹೋಗಿದೆ.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದು. ನಿಧಿ ಇಡಬಲ್ಲ ಕುಟುಂಬದವರ ಹೆಸರು ಉಳಿಯುತ್ತದೆ. ಇಡಲಾಗದವರ ಹೆಸರು ಅಳಿಯುತ್ತದೆ. ಪ್ರತಿ ಶಿಬಿರಕ್ಕೂ ಬೆಳಗ್ಗೆ ಆರಕ್ಕೆ ಬಂದು ಕುರ್ಚಿ ಹಾಕಿಸಿದವರು, ವರ್ಷಗಟ್ಟಲೆ ಖಜಾಂಚಿಯಾಗಿ ನಾಲ್ಕಾಣೆಯ ಲೆಕ್ಕವನ್ನೂ ತಪ್ಪದೆ ಬರೆದವರು, ತಮ್ಮ ಜೀಪನ್ನು ಬಾಡಿಗೆಯಿಲ್ಲದೆ ಓಡಿಸಿದವರು, ಇಂತಹವರ ಕೊಡುಗೆ ದೇಣಿಗೆ ರಶೀದಿಯಲ್ಲಿ ಎಂದೂ ಕಾಣಿಸದು. ಸದಸ್ಯತ್ವದಲ್ಲಿ ಎಲ್ಲರೂ ಸಮಾನರೆಂದು ಸಾರುವ ಸಂಸ್ಥೆ ಮರಣಾನಂತರ ಹಣವನ್ನು ನೋಡಿ ನೆನಪನ್ನು ಹಂಚುವುದು ನ್ಯಾಯವಲ್ಲ.

ಕಾನೂನಿನ ಕಡೆಗೂ ಗಮನ ಅಗತ್ಯ. ಅನೇಕ ಕಡೆ ಇಂತಹ ಠೇವಣಿಗಳು ಸಂಸ್ಥೆಯ ಸ್ವಂತ ಹೆಸರಿನಲ್ಲಿರುತ್ತವೆ. ಸದಸ್ಯರ ಹಣ ಸದಸ್ಯರಿಗೇ ಬಳಕೆಯಾಗುವಾಗ ಅದು ಆದಾಯವಲ್ಲವೆಂಬ ತತ್ವ ಬ್ಯಾಂಕ್ ಬಡ್ಡಿಗೆ ಅನ್ವಯಿಸದೆಂದು ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪಿತ್ತಿತು. ಸಿಕಂದರಾಬಾದ್ ಕ್ಲಬ್ ಪ್ರಕರಣದಲ್ಲಿ 2023ರಲ್ಲಿ ಅದನ್ನೇ ಎತ್ತಿಹಿಡಿಯಿತು. ಆದಕಾರಣ ಸ್ಮಾರಕ ನಿಧಿಯನ್ನು ನೋಂದಾಯಿತ ಧರ್ಮಾರ್ಥ ಟ್ರಸ್ಟಿನಲ್ಲಿ ಇಡುವುದು ಲೇಸು. ಅಲ್ಲಿಯೂ 2021ರ ಏಪ್ರಿಲ್‌ನಿಂದ ನಿಯಮ ಬಿಗಿಯಾಗಿದೆ. ಮೂಲನಿಧಿಯೆಂದು ಪಡೆದ ದೇಣಿಗೆಗೆ ವಿನಾಯಿತಿ ಸಿಗಬೇಕಾದರೆ ದಾನಿಯ ಲಿಖಿತ ನಿರ್ದೇಶನವಿರಬೇಕು. ಹಣವನ್ನು ಕಾಯ್ದೆ ಸೂಚಿಸಿದ ಹೂಡಿಕೆಗಳಲ್ಲಿ, ಆ ಮೂಲನಿಧಿಗೆಂದೇ ಪ್ರತ್ಯೇಕವಾಗಿ ಇಟ್ಟಿರಬೇಕು. 2,000 ರೂಪಾಯಿಗೆ ಮೀರಿದ ನಗದು ದೇಣಿಗೆಗೆ ದಾನಿಗೆ ತೆರಿಗೆ ರಿಯಾಯಿತಿ ದೊರೆಯದು. 1961ರ ಕಾಯ್ದೆಯ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬರುವುದರಿಂದ ಹಳೆಯ ದತ್ತಿ ಪತ್ರಗಳನ್ನೆಲ್ಲ ಒಮ್ಮೆ ತೆಗೆದು ಪರಿಶೀಲಿಸಲು ಇದು ಸಕಾಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು, ಪ್ರತಿಯೊಂದು ಸಂಸ್ಥೆಯೂ ಒಂದು ಸ್ಮರಣ ಪುಸ್ತಕ ಇಡಬೇಕು. ಗಟ್ಟಿ ರಟ್ಟಿನ ಪುಸ್ತಕವೇ ಆಗಲಿ, ಕಂಪ್ಯೂಟರಿನಲ್ಲಿ ಅದರ ಪ್ರತಿಯೂ ಇರಲಿ. ಪ್ರತಿ ಸದಸ್ಯರಿಗೂ ಒಂದು ಪುಟ. ಸೇರಿದ ವರ್ಷ, ವಹಿಸಿದ ಹೊಣೆ, ಕೈಗೊಂಡ ಕೆಲಸ. ಇದನ್ನು ಸದಸ್ಯರು ಬದುಕಿರುವಾಗಲೇ ಅವರಿಂದ ಕೇಳಿ ಬರೆಯಬೇಕು. ತೀರಿಕೊಂಡ ಮೇಲೆ ಕುಟುಂಬದವರಲ್ಲಿ ವಿಚಾರಿಸಿದರೆ ಹುಟ್ಟಿದ ದಿನ ಸಿಗುತ್ತದೆ, ಮಾಡಿದ ಕೆಲಸ ಸಿಗುವುದಿಲ್ಲ. ವರ್ಷದ ಮೊದಲ ಸಾಮಾನ್ಯ ಸಭೆಯಲ್ಲಿ, ಹಿಂದಿನ ವರ್ಷ ಅಗಲಿದವರ ಪುಟಗಳನ್ನು ಓದಿ ಹೇಳಲಿ. ಜುಲೈಯಲ್ಲಿ ವರ್ಷ ಆರಂಭಿಸುವ ಸಂಸ್ಥೆಗಳಿಗೆ ಅದು ಆಟಿಯ ಹೊತ್ತಿಗೇ ಬರುತ್ತದೆ.

ಎರಡನೆಯದು, ಚದುರಿದ ಚಿಕ್ಕ ನಿಧಿಗಳನ್ನು, ದಾನಿ ಕುಟುಂಬಗಳ ಲಿಖಿತ ಒಪ್ಪಿಗೆ ಪಡೆದು, ಒಂದು ಸಂಯುಕ್ತ ಸ್ಮಾರಕ ನಿಧಿಯಾಗಿ ಮಾಡಬೇಕು. ಬಡ್ಡಿಯ ಮೂರನೆಯ ಒಂದು ಪಾಲನ್ನು ಪ್ರತಿವರ್ಷ ಮೂಲಧನಕ್ಕೆ ಸೇರಿಸಿ, ಉಳಿದುದನ್ನು ಒಂದೇ ಉಪಯುಕ್ತ ಕಾರ್ಯಕ್ಕೆ ವಿನಿಯೋಗಿಸಬೇಕು. ಪ್ರತ್ಯೇಕ ಹೆಸರೇ ಬೇಕೆನ್ನುವ ಕುಟುಂಬಕ್ಕೆ ಅವಧಿಯ ನಿಧಿ ಸೂಕ್ತ. ಒಂದು ಲಕ್ಷ ರೂಪಾಯಿಯ ಬಡ್ಡಿಯನ್ನಷ್ಟೇ ಬಳಸಿದರೆ ಶೇಕಡಾ 6.5ರಂತೆ ವರ್ಷಕ್ಕೆ 6,500 ದೊರೆಯುತ್ತದೆ. ಅಸಲನ್ನೂ ಸೇರಿಸಿ ಇಪ್ಪತ್ತು ವರ್ಷಗಳಲ್ಲಿ ಮುಗಿಸುವುದಾದರೆ ವರ್ಷಕ್ಕೆ 9,000 ರೂಪಾಯಿಗೂ ಮಿಕ್ಕಿ ದೊರೆಯುತ್ತದೆ. ಆದರೆ ಈ ಅವಧಿಯನ್ನು ದಾನಪತ್ರದಲ್ಲೇ ನಮೂದಿಸಬೇಕು. ಅಂತಹ ಹಣವನ್ನು ಶಾಶ್ವತ ಮೂಲನಿಧಿಯೆಂದು ತೋರಿಸಬಾರದು. ಶಾಶ್ವತವೆಂದು ಹೇಳಿ ಸೊರಗುವುದಕ್ಕಿಂತ ಇಪ್ಪತ್ತು ವರ್ಷ ಹೇಳಿ ನಡೆಸುವುದು ಮೃತರಿಗೆ ಹೆಚ್ಚು ಗೌರವ.

"ಹಾಗಾದರೆ ನಮ್ಮ ತಂದೆಯವರ ಹೆಸರು ಗುಂಪಿನಲ್ಲಿ ಕಳೆದುಹೋಗದೆ?" ಎಂದು ಮಕ್ಕಳು ಕೇಳಬಹುದು. ಅದು ಸಹಜವಾದ ಪ್ರಶ್ನೆ. ಸಂಯುಕ್ತ ನಿಧಿಯ ವಿದ್ಯಾರ್ಥಿವೇತನವನ್ನು ಒಂದೊಂದು ವರ್ಷ ಒಬ್ಬೊಬ್ಬ ಅಗಲಿದ ಸದಸ್ಯರ ಹೆಸರಿನಲ್ಲಿ ಸರದಿಯಂತೆ ನೀಡಿದರೆ, ನಿಧಿಯಿಟ್ಟವರಿಗೂ ಇಡದವರಿಗೂ ಅದೇ ಗೌರವ ಸಲ್ಲುತ್ತದೆ. ಪಡೆಯುವ ವಿದ್ಯಾರ್ಥಿಗೆ ಆ ವರ್ಷದ ಸದಸ್ಯರ ಪುಟದ ಪ್ರತಿಯನ್ನೂ ಕೊಡಬಹುದು.

ಹೆಸರನ್ನು ಉಳಿಸುವುದು ಸಿಮೆಂಟಲ್ಲ, ನಡೆಯುತ್ತಿರುವ ಕೆಲಸ. ಮೊಳಹಳ್ಳಿ ಶಿವರಾಯರು 1967ರಲ್ಲಿ ತೀರಿಕೊಂಡರು. ಅವರನ್ನು ಸಹಕಾರ ಪಿತಾಮಹರೆಂದು ನಮ್ಮ ಜಿಲ್ಲೆ ಇಂದಿಗೂ ಸ್ಮರಿಸುವುದಕ್ಕೆ ಕಾರಣ, ಸಹಕಾರ ಸಂಘಗಳಲ್ಲಿ ಇಂದಿಗೂ ರೈತನಿಗೆ ಸಾಲ ದೊರೆಯುತ್ತಿರುವುದು. ಪುತ್ತೂರಿನ ರೋಟರಿ ಕ್ಯಾಂಪ್ಕೋ ರಕ್ತನಿಧಿಯನ್ನು ನೋಡಿ. ಸೇವಾ ಸಂಸ್ಥೆಯೊಂದು ಬೆಳೆಗಾರರ ಸಹಕಾರ ಸಂಸ್ಥೆಯೊಂದಿಗೆ ಕೈಜೋಡಿಸಿದುದರ ಫಲ ಅದು. ಅಗಲಿದ ಸದಸ್ಯರ ಪುಣ್ಯತಿಥಿಯಂದು ಹತ್ತು ಮಂದಿ ಅಲ್ಲಿ ರಕ್ತದಾನ ಮಾಡಿದರೆ ಆ ದಿನಕ್ಕೆ ಬೇರೆ ಫಲಕ ಬೇಡ. ಆರೋಗ್ಯವಂತ ಪುರುಷರು ಮೂರು ತಿಂಗಳಿಗೊಮ್ಮೆ, ಮಹಿಳೆಯರು ನಾಲ್ಕು ತಿಂಗಳಿಗೊಮ್ಮೆ ರಕ್ತ ನೀಡಬಹುದು. ಇದಕ್ಕೆ ಹಣವಿರುವ ಕುಟುಂಬ, ಇಲ್ಲದ ಕುಟುಂಬ ಎಂಬ ಭೇದವೂ ಇಲ್ಲ.

ಈ ಕಾರ್ಯದಲ್ಲಿ ನಮ್ಮ ವಾಣಿಜ್ಯ ಸಂಘಕ್ಕೂ ಪಾತ್ರವಿದೆ. ಸೇವಾ ಸಂಸ್ಥೆಗಳ ಸದಸ್ಯರಲ್ಲಿ ಅನೇಕರು ನಮ್ಮವರೇ. ಅಲೆದಾಡುವ ಕಡತಗಳಿಗೆ ಸಂಘದ ಕಚೇರಿಯಲ್ಲಿ ಒಂದು ಕಬ್ಬಿಣದ ಕಪಾಟು ಒದಗಿಸಬಹುದು. ಸ್ಮರಣ ಪುಸ್ತಕಕ್ಕೆ ಒಂದು ಮಾದರಿ ಸಿದ್ಧಪಡಿಸಬಹುದು. ದತ್ತಿ ಪತ್ರಗಳ ಪರಿಶೀಲನೆಗೆ ನನ್ನ ವೃತ್ತಿಬಾಂಧವರು ಶುಲ್ಕವಿಲ್ಲದೆ ಒಂದು ದಿನ ಕೊಡಬಹುದು. ಇವುಗಳಿಗೆ ತಗಲುವ ವೆಚ್ಚ ಒಂದು ಪದಗ್ರಹಣ ಸಮಾರಂಭದ ಊಟದ ಖರ್ಚಿಗಿಂತ ಕಡಿಮೆ.

ಅಗಲಿದ ಸದಸ್ಯರು ಸಂಸ್ಥೆಗೆ ತಮ್ಮ ಸಮಯವನ್ನು ಮೂಲಧನವಾಗಿ ತೊಡಗಿಸಿದವರು. ಅದರ ಮೇಲೆ ಬಡ್ಡಿ ಕೇಳಲು ಅವರು ಬರಲಾರರು. ಅವರ ಪರವಾಗಿ ಕೇಳಬಲ್ಲವರು ಉಳಿದಿರುವ ನಾವು ಮಾತ್ರ. ಈ ವರ್ಷದ ಮಹಾಸಭೆಯ ಕಾರ್ಯಸೂಚಿಯಲ್ಲಿ, ಲೆಕ್ಕಪತ್ರ ಮಂಡನೆಯ ಕೆಳಗೆ, ಈ ಒಂದು ವಿಷಯವನ್ನೂ ಸೇರಿಸಿಕೊಳ್ಳಬೇಕೆಂದು ಎಲ್ಲ ಸಂಸ್ಥೆಗಳ ಪದಾಧಿಕಾರಿಗಳಲ್ಲಿ ಸವಿನಯ ವಿನಂತಿ.