ಜಡ್ಜ್ ಸಂಬಳಕ್ಕೆ ಸಿಗುವ ದುಡ್ಡು ದಿನಗೂಲಿಗೆ ಯಾಕಿಲ್ಲ?

ಸರ್ಕಾರಿ ಕೆಲಸಗಾರರ ಸಂಬಳದ ವಿಷಯ ಕೋರ್ಟಿಗೆ ಹೋದಾಗಲೆಲ್ಲ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಬಂದೇ ಬರುತ್ತೆ: "ಬಜೆಟ್ ಮಾಡೋದು ಸರ್ಕಾರದ ಕೆಲಸ, ಕೋರ್ಟಿಗೆ ಯಾಕೆ ಈ ಉಸಾಬರಿ?" ಮಾತು ಸರಿಯಾಗೇ ಇದೆ. ಖಜಾನೆಯ ಬೀಗದ ಕೈ ನಾವು ಆರಿಸಿದವರ ಹತ್ತಿರವೇ ಇರಬೇಕು. ಆದರೆ ಈ ತತ್ವ ಯಾರ ಸಂಬಳದ ಹೊತ್ತಿಗೆ ನೆನಪಾಗುತ್ತೆ, ಯಾರದ್ದಕ್ಕೆ ಮರೆತುಹೋಗುತ್ತೆ ಅನ್ನೋದೇ ನನ್ನ ತಕರಾರು.

ಎರಡು ತೀರ್ಪು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಕೆಳಹಂತದ ನ್ಯಾಯಾಧೀಶರ ಸಂಬಳದ್ದು. ನಮ್ಮವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರ ಆಯೋಗದ ಶಿಫಾರಸುಗಳನ್ನು ಸುಪ್ರೀಂ ಕೋರ್ಟು 2002ರಲ್ಲಿ ಬಹುಮಟ್ಟಿಗೆ ಒಪ್ಪಿಕೊಂಡಿತು. ಪೂರ್ತಿ ಖರ್ಚು ರಾಜ್ಯಗಳೇ ಹೊರಬೇಕು, ದುಡ್ಡಿಲ್ಲ ಅನ್ನೋ ನೆಪ ಬೇಡ, ಬೇಕಿದ್ದರೆ ಕೋರ್ಟ್ ಶುಲ್ಕ ಏರಿಸಿಕೊಳ್ಳಿ ಅಂತಲೂ ಹೇಳಿತು. 2024ರಲ್ಲಂತೂ, ಎರಡನೇ ಆಯೋಗದ ಶಿಫಾರಸು ಪೂರ್ತಿ ಜಾರಿ ಮಾಡದ ಹಲವು ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳನ್ನೇ ಕರೆಸಿ ನಿಲ್ಲಿಸಿತು.

ಎರಡನೆಯದು 2006ರ ಉಮಾದೇವಿ ಪ್ರಕರಣ. ಅದೂ ಕರ್ನಾಟಕದ್ದೇ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ದಿನಗೂಲಿ ಮಾಡಿದವರು ಕೆಲಸ ಕಾಯಂ ಮಾಡಿ ಅಂತ ಕೇಳಿದ್ದರು. ಐವರು ನ್ಯಾಯಮೂರ್ತಿಗಳ ಪೀಠ ಆಗಲ್ಲ ಅಂತು. ಹಿಂಬಾಗಿಲಿನಿಂದ ಬಂದವರನ್ನು ಕಾಯಂ ಮಾಡಿ ಅನ್ನೋಕಾಗಲ್ಲ, ಸರ್ಕಾರದ ಹಣಕಾಸಿನ ವ್ಯವಸ್ಥೆಯಲ್ಲಿ ಕೋರ್ಟು ಅತಿಯಾಗಿ ಕೈ ಹಾಕಬಾರದು ಅನ್ನೋದು ಅದರ ತರ್ಕ.

ಹಿಂಬಾಗಿಲಿನ ಮಾತು ಒಪ್ಪೋಣ. ಪರೀಕ್ಷೆಗೆ ಓದ್ತಾ ಕೂತಿರೋ ಹುಡುಗರಿಗೂ ನ್ಯಾಯ ಬೇಕಲ್ಲ? ಆದರೆ ಆ ಬಾಗಿಲು ತೆಗೆದಿಟ್ಟು ವರ್ಷಗಟ್ಟಲೆ ಕೆಲಸ ತಗೊಂಡಿದ್ದು ಸರ್ಕಾರವೇ. ಇನ್ನೊಂದು ವಿಷಯ ಬಹಳ ಜನ ಗಮನಿಸಲ್ಲ: ಅದೇ ತೀರ್ಪು ಆ ದಿನಗೂಲಿಗಳಿಗೆ ಇಲಾಖೆಯ ಅದೇ ವೃಂದದ ಕನಿಷ್ಠ ದರ್ಜೆಯ ಸಂಬಳ ಕೊಡಿ ಅಂತ ಆದೇಶವನ್ನೂ ಮಾಡಿತು. ಅಂದ್ರೆ ಕೋರ್ಟಿಗೆ ಅಧಿಕಾರ ಇಲ್ಲ ಅಂತಲ್ಲ.

ಸಂಬಳ ಎಷ್ಟಿರಬೇಕು ಅಂತ ತೀರ್ಮಾನ ಮಾಡೋದು ಬೇರೆ, ಕಾನೂನು ಪ್ರಕಾರ ಆಗಲೇ ಕೊಡಬೇಕಾದ್ದನ್ನು ಕೊಡಿಸೋದು ಬೇರೆ. ಮೊದಲನೆಯದು ಬಜೆಟ್, ಎರಡನೆಯದು ಸಾಲ. ಸಂವಿಧಾನವೂ ಈ ಸಾಲವನ್ನು ಬೇರೆಯಾಗೇ ನೋಡುತ್ತೆ. 202ನೇ ವಿಧಿಯ ಪ್ರಕಾರ ಕೋರ್ಟಿನ ತೀರ್ಪು ಪಾಲಿಸಲು ಬೇಕಾದ ಹಣ ರಾಜ್ಯದ ಸಂಚಿತ ನಿಧಿಯ ಮೇಲಿನ ಪ್ರಭೃತ ವೆಚ್ಚ. 203ರ ಪ್ರಕಾರ ಅದನ್ನು ವಿಧಾನಸಭೆಯಲ್ಲಿ ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ಕೋರ್ಟು ಹೇಳಿದ ಬಾಕಿ ತೀರಿಸೋದು ಸರ್ಕಾರದ ಮರ್ಜಿ ಅಲ್ಲ ಅಂತ ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಬರೀಬೇಕು?

2022ರಲ್ಲಿ ಗುಜರಾತಿನ ಅಂಗನವಾಡಿ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿ ಸಲ್ಲಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ್ದೂ ಹೀಗೇ. ಅದು ಹೊಸ ಯೋಜನೆಯನ್ನೇನೂ ಹುಟ್ಟಿಸಲಿಲ್ಲ. ಸಂಸತ್ತು 1972ರಲ್ಲೇ ಮಾಡಿದ ಕಾಯ್ದೆಯನ್ನು ಓದಿ ಹೇಳಿತು, ಅಷ್ಟೇ. ಅದಕ್ಕಾಗಿ ಆ ಹೆಂಗಸರು ದಿಲ್ಲಿವರೆಗೆ ಹೋಗಬೇಕಾಯ್ತು.

ನಮ್ಮ ಸಂಬಳ ಒಂದು ದಿನ ತಡವಾದ್ರೆ ಎಚ್ಆರ್‌ಗೆ ಮೇಲ್ ಮೇಲೆ ಮೇಲ್ ಹೋಗುತ್ತೆ. ಮುಂದಿನ ಸಲ "ಕೋರ್ಟಿಗೆ ಯಾಕೆ ಉಸಾಬರಿ" ಅಂತ ಟೈಪ್ ಮಾಡೋ ಮುಂಚೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಅವರು ಕೇಳ್ತಿರೋದು ಹೈಕಾ, ಬಾಕಿನಾ? ಬಾಕಿ ಆಗಿದ್ರೆ, ಜಡ್ಜ್‌ಗಳ ಸಂಬಳಕ್ಕಾಗಿ ಮುಖ್ಯ ಕಾರ್ಯದರ್ಶಿಯನ್ನು ಕರೆಸಿದ ಕೋರ್ಟು ದಿನಗೂಲಿಯವರಿಗಾಗಿಯೂ ಕರೆಸಲಿ.